ಇದನ್ನ ಓದಿ ಏನಾಗ್ತೀಯ?

‘ಅದ ಓದ್‌ಬುಟ್ಟು ಏನಾದೀಯೆ ಮಗಾ?’

ಕೂಲಿ ಮಾಡಿ ಮಕ್ಕಳನ್ನು ಓದಿಸುವ ತಾಯಂದಿರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಡಾಕ್ಟರಿಕೆ ಓದ್ತೀನಿ ಅಂದರೆ ಕೇಳುವುದಿಲ್ಲ. ಇಂಜಿನಿಯರಿಂಗ್ ಅಂದರೂ ಕೇಳುವುದಿಲ್ಲ. ‘ನಮ್ಮ ಜನದ ಚರಿತ್ರೆ ಓದ್ತೀನಿ’ ಅಂದಾಗ ಕೇಳುತ್ತಾರೆ. ನನ್ನವ್ವನೂ ಕೇಳಿದಳು. ಎಂ.ಎ. ಓದುವಾಗ ನಮ್ಮ ಕೇರಿಯ ಹಾಡುಗಳ ಮೇಲೆ ಪ್ರಬಂಧ ಬರೀತೀನಿ ಅಂತ ಹೇಳಿದೆ. ‘ನಮ್ ಹಾಡ ನಾವೇ ಓದಕ್ಕೆ ಅಷ್ಟು ದೂರ ಹೋಗಬೇಕಾ?’ ಅಂತ ನಕ್ಕಳು. ಆಮೇಲೆ ನಗು ನಿಲ್ಲಿಸಿ ‘ಓದಿ ಏನಾದೀಯೆ?’ ಅಂದಳು. ನಮಗೆ ಪಾಠ ಹೇಳುತ್ತಿದ್ದ ದೊಡ್ಡ ಮೇಷ್ಟರೊಬ್ಬರೂ ಅದನ್ನೇ ಕೇಳಿದರು. ‘ಅದರಲ್ಲಿ ಓದೋದೇನಯ್ಯಾ ಇದೆ? ಓದಿ ಏನಾಗ್ತೀಯ?’

ಪ್ರಶ್ನೆ ಒಂದೇ. ಕೇಳಿದ ಬಾಯಿಗಳು ಎರಡು. ಅವ್ವನ ಪ್ರಶ್ನೆಯ ಹಿಂದೆ ಹಸಿವಿತ್ತು. ಮೇಷ್ಟರ ಪ್ರಶ್ನೆಯ ಹಿಂದೆ ಬಾಗಿಲು ಕಾಯುವ ಗತ್ತು ಇತ್ತು. ಅವ್ವನಿಗೆ ಉತ್ತರ ಕೊಡುವ ಸಾಲ ನನ್ನ ಮೇಲಿದೆ. ಮೇಷ್ಟರಿಗೆ ಉತ್ತರ ಕೊಡುವ ಸಾಲ ಇಲ್ಲ. ಆದರೆ ನಮ್ಮಂಥವರು ಮಾಡುವ ತಪ್ಪೇನೆಂದರೆ, ಬದುಕಿಡೀ ಮೇಷ್ಟರಿಗೆ ಉತ್ತರ ಕೊಡುತ್ತಾ ಅವ್ವನನ್ನು ಮರೆತುಬಿಡುವುದು. ಅದಕ್ಕೇ ಈ ಲೇಖನ.

ಈ ಎರಡೂ ಪ್ರಶ್ನೆಗಳನ್ನು ಐವತ್ತಕ್ಕೂ ಹೆಚ್ಚು ವರ್ಷಗಳಿಂದ ಎದುರಿಸುತ್ತಾ ಬಂದ ಓದೊಂದು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದೆ. ಅದನ್ನು ಎಥ್ನಿಕ್ ಸ್ಟಡೀಸ್ ಅನ್ನುತ್ತಾರೆ. ನಾವು ಜನಾಂಗ ಅಧ್ಯಯನ ಅನ್ನೋಣ. ಕಪ್ಪುಜನರು, ಆ ನೆಲದ ಮೂಲನಿವಾಸಿಗಳು, ಮೆಕ್ಸಿಕೋ ಮತ್ತು ಸುತ್ತಿನ ದೇಶಗಳ ಮೂಲದವರು, ಏಷ್ಯಾದಿಂದ ಹೋದವರು, ಇವರ ಚರಿತ್ರೆ, ದುಡಿಮೆ, ಭಾಷೆ, ಹೋರಾಟಗಳನ್ನು ಅವರ ಕಡೆಯಿಂದಲೇ ನಿಂತು ನೋಡುವ ಓದು ಅದು. ಇದನ್ನು ಯಾವ ಕುಲಪತಿಯೂ ಯೋಚನೆ ಮಾಡಿ, ಸಮಿತಿ ಕೂರಿಸಿ ಶುರು ಮಾಡಿದ್ದಲ್ಲ. ಇದು ಮುಷ್ಕರದ ಕೂಸು.

1968ರ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಗೆ ಬಂದರು. ಜಾರ್ಜ್ ಮರ್ರೆ ಎಂಬ ಕಪ್ಪು ತರುಣ ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ. ಅವನು ಬ್ಲ್ಯಾಕ್ ಪ್ಯಾಂಥರ್ ಪಕ್ಷದವನು. ಅವನ ಭಾಷಣಗಳು ಸರಿಬರಲಿಲ್ಲ ಅಂತ ಅವನನ್ನು ಅಮಾನತು ಮಾಡಿದರು. ಅದು ಕಿಡಿ. ಕಟ್ಟಿಗೆ ಬಹಳ ಹಿಂದಿನಿಂದಲೂ ಒಣಗುತ್ತಾ ಬಿದ್ದಿತ್ತು. ಕಪ್ಪು ವಿದ್ಯಾರ್ಥಿಗಳ ಸಂಘ ಹತ್ತು ಬೇಡಿಕೆ ಇಟ್ಟಿತು. ಮೆಕ್ಸಿಕೋ ಮೂಲದ, ಫಿಲಿಪಿನೋ, ಚೀನೀ, ಜಪಾನಿ ಮಕ್ಕಳೆಲ್ಲ ಸೇರಿದ್ದ ‘ಮೂರನೇ ಜಗತ್ತಿನ ವಿಮೋಚನಾ ರಂಗ’ ಐದು ಬೇಡಿಕೆ ಸೇರಿಸಿತು. ಆ ಹದಿನೈದರ ತಿರುಳು ಇಷ್ಟು: ನಮ್ಮ ಜನರ ಮಕ್ಕಳಿಗೆ ಕಾಲೇಜಿನ ಬಾಗಿಲು ತೆಗೆಯಿರಿ. ನಮ್ಮನ್ನು ಕುರಿತ ಓದಿಗೆ ಒಂದು ಶಾಲೆ ಕೊಡಿ. ಅಲ್ಲಿ ಯಾರು ಪಾಠ ಹೇಳಬೇಕು, ಏನು ಹೇಳಬೇಕು ಅನ್ನುವುದನ್ನು ನಾವು ತೀರ್ಮಾನ ಮಾಡುತ್ತೇವೆ.

ನಾಲ್ಕೂವರೆ ತಿಂಗಳು ನಡೆಯಿತು ಆ ಮುಷ್ಕರ. ಪೊಲೀಸರು ಕ್ಯಾಂಪಸ್ಸಿನೊಳಗೇ ಬಿಡಾರ ಹೂಡಿದಂತಾಯಿತು. 1969ರ ಜನವರಿ 23ರಂದು ಒಂದೇ ದಿನ 400ಕ್ಕೂ ಹೆಚ್ಚು ಜನರ ದಸ್ತಗಿರಿಯಾಯಿತು. ಅಧ್ಯಾಪಕರ ಸಂಘವೂ ತನ್ನ ಮುಷ್ಕರ ಹೂಡಿತು. ಅದೇ ಜನವರಿಯಲ್ಲಿ ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲೂ ಬೆಂಕಿ ಹತ್ತಿತು. ಅಲ್ಲಿಗೆ ಗವರ್ನರ್ ರೊನಾಲ್ಡ್ ರೇಗನ್ ನ್ಯಾಷನಲ್ ಗಾರ್ಡ್ ಪಡೆ ಕಳಿಸಿದರು, ಅಶ್ರುವಾಯು ಸಿಡಿಯಿತು. ಮಾರ್ಚ್ ಹೊತ್ತಿಗೆ ಎರಡೂ ಕಡೆ ಒಪ್ಪಂದ. ಹದಿನೈದೂ ಬೇಡಿಕೆ ಈಡೇರಲಿಲ್ಲ. ಮರ್ರೆಗೆ ಕೆಲಸ ವಾಪಸ್ಸು ಸಿಗಲಿಲ್ಲ. ಕಪ್ಪುಜನರ ಅಧ್ಯಯನವನ್ನು ಕಟ್ಟಲು ಬಂದಿದ್ದ ನೇಥನ್ ಹೇರ್ ಅವರನ್ನೂ ಉಳಿಸಿಕೊಳ್ಳಲಿಲ್ಲ. ಆದರೆ 1969ರಲ್ಲೇ ಆ ಕಾಲೇಜಿನಲ್ಲಿ ಜನಾಂಗ ಅಧ್ಯಯನದ ಶಾಲೆ ಬಾಗಿಲು ತೆರೆಯಿತು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡೋಣ. ಮಕ್ಕಳು ಪೊಲೀಸರ ಲಾಠಿಗೆ ತಲೆ ಕೊಟ್ಟು ಪಾಠ ಕೇಳಿದರು. ಸಾಮಾನ್ಯವಾಗಿ ಹುಡುಗರು ಪಾಠ ಬೇಡ ಅಂತ ಗಲಾಟೆ ಮಾಡುತ್ತಾರೆ. ಇವರು ಪಾಠ ಬೇಕು ಅಂತ ಜೈಲಿಗೆ ಹೋದರು. ಯಾಕೆ?

ಇದಕ್ಕೆ ಉತ್ತರ ನನಗೆ ಪುಸ್ತಕದಿಂದ ಹೊಳೆಯಲಿಲ್ಲ. ನನ್ನಪ್ಪನಿಂದ ಹೊಳೆಯಿತು. ಅಪ್ಪ ಹಾಡುಗಾರ. ಒಂದು ಸಾರಿ ಪಟ್ಟಣದಿಂದ ಒಬ್ಬ ವಿದ್ವಾಂಸರು ಟೇಪ್ ರೆಕಾರ್ಡರ್ ತಂದು ಎರಡು ರಾತ್ರಿ ಅಪ್ಪನ ಹಾಡು ತುಂಬಿಕೊಂಡು ಹೋದರು. ಪುಸ್ತಕ ಬಂತು. ಅದಕ್ಕೆ ಪದವಿಯೂ ಬಂತು ಅಂತ ಆಮೇಲೆ ತಿಳಿಯಿತು. ಪುಸ್ತಕದ ಕೊನೆಯಲ್ಲಿ ಅಪ್ಪನ ಹೆಸರು ಇದೆ. ಹೆಸರು, ವಯಸ್ಸು, ಜಾತಿ, ‘ಅನಕ್ಷರಸ್ಥ’. ಮೇಲೆ ತಲೆಬರಹ: ವಕ್ತೃಗಳು. ಹಾಡು ಅಪ್ಪನದು, ಅರ್ಥ ಹೇಳುವ ಹಕ್ಕು ಅವರದು. ಒಂದು ಹಾಡಿಗೆ ಅವರು ಬರೆದ ಅರ್ಥ ಓದಿ ಹೇಳಿದೆ. ಅಪ್ಪ ಬೀಡಿ ಆರಿಸಿ ‘ಅಂಗಲ್ಲ ಕಣ್ಲಾ ಅದು’ ಅಂದ. ಅಷ್ಟೇ. ಆ ‘ಅಂಗಲ್ಲ’ವನ್ನು ಬರೆದುಕೊಳ್ಳಲು ಯಾವ ಪುಸ್ತಕದಲ್ಲೂ ಜಾಗ ಇರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋದ ಹುಡುಗರು ಕೇಳಿದ್ದು ಆ ಜಾಗವನ್ನು. ಅಮೆರಿಕದ ವಿಶ್ವವಿದ್ಯಾಲಯಗಳು ಅವರ ಜನರ ಬಗ್ಗೆ ಅದುವರೆಗೂ ಏನೂ ಬರೆದಿರಲಿಲ್ಲ ಅಂತಲ್ಲ. ಬೇಕಾದಷ್ಟು ಬರೆದಿದ್ದವು. ಮೂಲನಿವಾಸಿಗಳ ಎಲುಬುಗಳನ್ನು ಮ್ಯೂಸಿಯಮ್ಮಿನಲ್ಲಿ ಜೋಡಿಸಿಟ್ಟಿದ್ದವು. ಕಪ್ಪುಜನರನ್ನು ‘ಸಮಸ್ಯೆ’ ಅಂತ ಕರೆದು ಅಳತೆ ಮಾಡಿದ್ದವು. ಅಧ್ಯಯನಕ್ಕೆ ಒಳಗಾದವನು ಎದ್ದು ನಿಂತು ‘ಅಂಗಲ್ಲ’ ಅನ್ನುವುದಕ್ಕೆ ಮಾತ್ರ ಅವಕಾಶ ಇರಲಿಲ್ಲ. ಇಂಥ ಅವಕಾಶವನ್ನು ಯಾರ ಅಪ್ಪಣೆಯೂ ಇಲ್ಲದೆ ತೆಗೆದುಕೊಂಡವರು ನಮ್ಮಲ್ಲಿ ಒಬ್ಬರಿದ್ದರು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ತರಗತಿಯಲ್ಲಿ ಇಪ್ಪತ್ತೈದು ವರ್ಷದ ಅಂಬೇಡ್ಕರ್ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ಯಾರನ್ನು ಪರೀಕ್ಷೆ ಮಾಡಿ ನೋಡಬೇಕು ಅಂತ ಆ ಶಾಸ್ತ್ರ ಎದುರು ನೋಡುತ್ತಿತ್ತೋ ಅವನೇ ಬಂದು ಪರೀಕ್ಷಕನಾದ. ಜಾತಿಯ ಬೇರು ಒಳಮದುವೆಯಲ್ಲಿದೆ ಅಂತ ತೋರಿಸಿದ. ನೂರು ವರ್ಷ ದಾಟಿದರೂ ಆ ಮಾತನ್ನು ಎದುರಿಸದೆ ಯಾರೂ ಜಾತಿಯ ಬಗ್ಗೆ ಬರೆಯಲಾರರು.

ಹಾಗಾದರೆ ನಮ್ಮವರ ಬಗ್ಗೆ ನಮ್ಮವರೇ ಓದಿ ಬರೆದರೆ ಮುಗಿಯಿತೇ? ನ್ಯಾಯ ಸಿಕ್ಕಿಬಿಟ್ಟಿತೇ? ಇಲ್ಲ. ಇದಕ್ಕೆ ಸಾಕ್ಷಿಯೂ ಆ ಮುಷ್ಕರದ ಒಳಗೇ ಇದೆ.

ಮುಷ್ಕರ ಮುರಿಯಲು ಕಾಲೇಜಿಗೆ ಹಂಗಾಮಿ ಅಧ್ಯಕ್ಷರಾಗಿ ಬಂದವರು ಎಸ್.ಐ. ಹಯಕಾವ. ಕೆನಡಾದಲ್ಲಿ ಹುಟ್ಟಿದ, ಜಪಾನೀ ತಂದೆತಾಯಿಯ ಮಗ. ಶಬ್ದಾರ್ಥ ಶಾಸ್ತ್ರದಲ್ಲಿ ಹೆಸರು ಮಾಡಿದ ಪಂಡಿತ. 1968ರ ಡಿಸೆಂಬರ್ 2ರಂದು ಆತ ವಿದ್ಯಾರ್ಥಿಗಳ ಧ್ವನಿವರ್ಧಕ ಹೊತ್ತಿದ್ದ ಲಾರಿಯ ಮೇಲೆ ತಾನೇ ಹತ್ತಿ ವೈರು ಕಿತ್ತುಹಾಕಿದರು. ಶಬ್ದದ ಅರ್ಥ ಹೇಳುವ ಪಂಡಿತ ಶಬ್ದವನ್ನೇ ನಿಲ್ಲಿಸಿದ. ಆ ಒಂದು ಕೆಲಸದಿಂದ ದೇಶಕ್ಕೆಲ್ಲ ಹೀರೋ ಆದರು, ಆಮೇಲೆ ಸೆನೆಟರ್ ಆದರು. 1942ರಿಂದ ಸುಮಾರು 1,20,000 ಜಪಾನೀ ಮೂಲದ ಜನರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿದ್ದಕ್ಕೆ ಪರಿಹಾರ ಕೊಡಬೇಕು ಅನ್ನುವ ಕೂಗು ಎದ್ದಾಗ ಅದಕ್ಕೂ ಅಡ್ಡ ಬಂದರು.

ಹಯಕಾವ ಅವರ ಎದುರು ನಿಂತಿದ್ದ ಮಕ್ಕಳಲ್ಲಿ ಜಪಾನೀ ಮೂಲದವರೂ ಇದ್ದರು. ರಕ್ತ ಒಂದೇ, ಲಾರಿಯ ಮೇಲಿನವರು ಬೇರೆ, ಕೆಳಗಿನವರು ಬೇರೆ. ಹುಟ್ಟು ನಿನಗೆ ಒಂದು ಗಾಯ ಕೊಡಬಹುದು. ನೀನು ಯಾವ ಕಡೆ ನಿಲ್ಲಬೇಕು ಅನ್ನುವುದನ್ನು ಹುಟ್ಟು ತೀರ್ಮಾನ ಮಾಡುವುದಿಲ್ಲ. ಅದನ್ನು ದಿನಾ ನೀನೇ ತೀರ್ಮಾನಿಸಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಅವ್ವನ ಪ್ರಶ್ನೆಗೆ ಬರೋಣ. ಓದಿದವರು ಏನಾದರು?

ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟಿನ ವಿದ್ಯಾರ್ಥಿ ರಿಚರ್ಡ್ ಓಕ್ಸ್, ಮೊಹಾಕ್ ಜನಾಂಗದವನು. ಮೊದಲು ಉಕ್ಕಿನ ಕಟ್ಟಡಗಳ ಮೇಲೆ ಕೆಲಸ ಮಾಡುತ್ತಿದ್ದ. 1969ರ ನವೆಂಬರ್ 20ರಂದು ಅವನೂ, ಬರ್ಕ್ಲಿಯ ಮುಷ್ಕರದಿಂದ ಬಂದ ಲನಾಡ ಎಂಬ ತರುಣಿಯೂ, ಇನ್ನೂ ಹತ್ತಾರು ಮೂಲನಿವಾಸಿ ವಿದ್ಯಾರ್ಥಿಗಳೂ ಕೊಲ್ಲಿಯ ನಡುವಿನ ಅಲ್ಕಟ್ರಾಜ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಇಳಿದರು. ಪಾಳುಬಿದ್ದ ಜೈಲಿದ್ದ ದ್ವೀಪ. ‘ಇದು ನಮ್ಮ ನೆಲ’ ಅಂದರು. ಹತ್ತೊಂಬತ್ತು ತಿಂಗಳು ಬಿಟ್ಟುಕೊಡಲಿಲ್ಲ. ಮೂಲನಿವಾಸಿಗಳ ಬುಡಕಟ್ಟುಗಳನ್ನೇ ಕಾಗದದ ಮೇಲೆ ರದ್ದು ಮಾಡುವ ಸರ್ಕಾರದ ನೀತಿಯನ್ನು ಕೈಬಿಡಬೇಕು ಅಂತ ಅಧ್ಯಕ್ಷ ನಿಕ್ಸನ್ 1970ರಲ್ಲಿ ಹೇಳಿದ್ದು ಆ ದ್ವೀಪದ ಮೇಲೆ ಜನ ಕೂತಿದ್ದಾಗಲೇ. ಓಕ್ಸ್ ಏನಾದ? 1972ರಲ್ಲಿ ಗುಂಡಿಗೆ ಬಲಿಯಾದ. ಮೂವತ್ತು ವರ್ಷ. ಈ ಓದು ಎಲ್ಲಿಗೆ ಕರೆದೊಯ್ಯುತ್ತದೆ ಅನ್ನುವವರಿಗೆ ಇದನ್ನೂ ಮುಚ್ಚಿಡದೆ ಹೇಳಬೇಕು.

ಇನ್ನೊಂದು ಕತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಟರ್‌ನ್ಯಾಷನಲ್ ಹೋಟೆಲ್ ಅಂತ ಒಂದಿತ್ತು. ಹೆಸರು ದೊಡ್ಡದು, ಒಳಗೆ ಗೂಡಿನಂಥ ಕೋಣೆಗಳು. ಅಲ್ಲಿದ್ದವರು ವಯಸ್ಸಾದ ಫಿಲಿಪಿನೋ, ಚೀನೀ ಕೂಲಿಗಳು. ಯೌವನವನ್ನೆಲ್ಲ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ, ಅಲಾಸ್ಕಾದ ಮೀನಿನ ಕಾರ್ಖಾನೆಗಳಲ್ಲಿ ಸವೆಸಿದವರು. ಬಿಳಿ ಹೆಣ್ಣನ್ನು ಮದುವೆಯಾಗಬಾರದು ಅನ್ನುವ ಕಾನೂನು 1948ರವರೆಗೂ ಆ ರಾಜ್ಯದಲ್ಲಿತ್ತು, ತಮ್ಮ ದೇಶದ ಹೆಂಗಸರು ಬಂದದ್ದು ತೀರಾ ಕಡಿಮೆ. ಹಾಗಾಗಿ ಎಷ್ಟೋ ಜನ ಒಂಟಿಯಾಗಿಯೇ ಮುದುಕರಾದರು. ಕಟ್ಟಡ ಕೆಡವಿ ವ್ಯಾಪಾರಕ್ಕೆ ಬಳಸಬೇಕು ಅಂತ ಮಾಲೀಕರು ಹೊರಟಾಗ ಜನಾಂಗ ಅಧ್ಯಯನದ ತರಗತಿಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬಂದರು. ಗೋಡೆಗೆ ಬಣ್ಣ ಬಳಿದರು, ಕೊಳಾಯಿ ರಿಪೇರಿ ಮಾಡಿದರು, ಮುದುಕರ ಬಾಯಿಂದ ಚರಿತ್ರೆ ಕೇಳಿದರು. 1977ರ ಆಗಸ್ಟ್ 4ರ ಬೆಳಗಿನ ಜಾವ ಪೊಲೀಸರು ಬಂದಾಗ ಸಾವಿರಾರು ಜನ ಕೈಗೆ ಕೈ ಹೆಣೆದು ಕಟ್ಟಡದ ಸುತ್ತ ನಿಂತಿದ್ದರು. ಸೋತರು. ಮುದುಕರನ್ನು ಬೀದಿಗೆ ಹಾಕಿದರು. ಕಟ್ಟಡ ನೆಲಸಮವಾಯಿತು. ಆದರೆ ಆ ಜಾಗವನ್ನು ಇನ್ನೇನಕ್ಕೂ ಬಿಟ್ಟುಕೊಡದೆ ಹಟ ಹಿಡಿದದ್ದರಿಂದ 2005ರಲ್ಲಿ ಅದೇ ನೆಲದ ಮೇಲೆ ಬಡ ವೃದ್ಧರಿಗೆ 104 ಮನೆಗಳ ಕಟ್ಟಡ ಎದ್ದಿತು. ಇಪ್ಪತ್ತೆಂಟು ವರ್ಷ. ಈ ಓದಿನ ಪರೀಕ್ಷೆಯ ಫಲಿತಾಂಶ ಕೆಲವು ಸಾರಿ ಇಷ್ಟು ತಡವಾಗಿ ಬರುತ್ತದೆ.

ಇದು ಒಂದು ದಾರಿ. ಇನ್ನೊಂದು ದಾರಿಯೂ ಇದೆ, ಅದು ಸುಗಮವಾದದ್ದು.

ಮುಷ್ಕರದಿಂದ ಹುಟ್ಟಿದ ಶಾಲೆ ನಿಧಾನವಾಗಿ ಡಿಪಾರ್ಟ್‌ಮೆಂಟ್ ಆಯಿತು. 1984ರಲ್ಲಿ ಬರ್ಕ್ಲಿಯಲ್ಲಿ ಜನಾಂಗ ಅಧ್ಯಯನದ ಪಿಎಚ್.ಡಿ. ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ರೊನಾಲ್ಡ್ ಟಕಾಕಿ ಹವಾಯಿಯ ಕಬ್ಬಿನ ತೋಟಕ್ಕೆ ಕೂಲಿಗೆ ಹೋದ ಜಪಾನೀಯರ ಮೊಮ್ಮಗ. ಅಂಥವರ ಪುಸ್ತಕಗಳಿಂದ ಒಂದು ದೇಶದ ಚರಿತ್ರೆಯನ್ನೇ ತಿರುಗಿಸಿ ಓದುವಂತಾಯಿತು, ಅದನ್ನು ಸಣ್ಣದು ಅನ್ನಲಾರೆ. ಆದರೆ ಪದವಿ ಬಂದಲ್ಲಿ ಬಡ್ತಿ ಬರುತ್ತದೆ. ಬಡ್ತಿ ಬಂದಲ್ಲಿ ಸೆಮಿನಾರು ಬರುತ್ತದೆ. ಸೆಮಿನಾರಿಗೆ ಒಂದು ಭಾಷೆ ಬೇಕು. ಆ ಭಾಷೆ ತೋಟದ ಕೂಲಿಗೆ ತಿಳಿಯುವುದಿಲ್ಲ. ತನ್ನ ಅಜ್ಜನ ಬೆನ್ನಿನ ಬರೆಯ ಮೇಲೆ ಮೊಮ್ಮಗಳು ಬರೆದ ಪ್ರಬಂಧವನ್ನು ಆಕೆಯ ತಾಯಿಯೇ ಓದಲಾರಳು. ಆಗ ಬರೆ ಯಾರ ಆಸ್ತಿಯಾಯಿತು? ಗಾಯ ಹೊತ್ತವನು ಒಬ್ಬ, ಗಾಯದ ಬಡ್ಡಿ ತಿನ್ನುವವನು ಇನ್ನೊಬ್ಬ. ಮೊದಲು ಹೊರಗಿನ ವಿದ್ವಾಂಸ ಮಾಡುತ್ತಿದ್ದ ಕೆಲಸವನ್ನೇ ಈಗ ಒಳಗಿನವನು ಮಾಡಿದರೆ ಏನು ಬದಲಾಯಿತು? ವಕ್ತೃ ವಕ್ತೃವಾಗಿಯೇ ಉಳಿದ.

ಹಾಗಂತ ಸಂಬಳವನ್ನು ನಾನು ಹಳಿಯುವುದಿಲ್ಲ. ತಿಂಗಳ ಸಂಬಳ ಬರುವವನು ತ್ಯಾಗದ ಬಗ್ಗೆ ಬೇರೆಯವರಿಗೆ ಉಪದೇಶ ಮಾಡುವುದು ಅಸಹ್ಯ. ನಾನೂ ಸಂಬಳದ ಮೇಷ್ಟ್ರೇ. ಜನಾಂಗ ಅಧ್ಯಯನ ಓದಿದವರು ಅಲ್ಲಿ ಶಾಲಾ ಮೇಷ್ಟರಾಗಿದ್ದಾರೆ, ವಕೀಲರಾಗಿದ್ದಾರೆ, ಕಾರ್ಮಿಕ ಸಂಘಗಳಲ್ಲಿ ಕೆಲಸ ಮಾಡುತ್ತಿದ್ದಾರೆ, ಆಸ್ಪತ್ರೆಗಳಲ್ಲಿ, ಗ್ರಂಥಾಲಯಗಳಲ್ಲಿ, ಪತ್ರಿಕೆಗಳಲ್ಲಿ ಇದ್ದಾರೆ. ಅವ್ವನ ಹಸಿವಿನ ಪ್ರಶ್ನೆಗೆ ಇದು ನೇರವಾದ ಉತ್ತರ. ಇಂಜಿನಿಯರಿಂಗ್‌ನಷ್ಟು ಕಾಸು ಗಿಟ್ಟುವುದಿಲ್ಲ, ಉಪವಾಸವನ್ನೂ ಕೆಡವುದಿಲ್ಲ. ಉಪವಾಸ ಬಿದ್ದದ್ದು ಈ ಓದನ್ನು ಉಳಿಸಿಕೊಳ್ಳುವುದಕ್ಕೆ! 1993ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೆಕ್ಸಿಕೋ ಮೂಲದವರ ಅಧ್ಯಯನಕ್ಕಾಗಿ ಹದಿನಾಲ್ಕು ದಿನ ಉಪವಾಸ. 1999ರಲ್ಲಿ ಬರ್ಕ್ಲಿಯಲ್ಲಿ ಉಪವಾಸ. 2016ರಲ್ಲಿ ಮೊಟ್ಟಮೊದಲು ಗೆದ್ದಿದ್ದ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ನಾಲ್ವರು ವಿದ್ಯಾರ್ಥಿಗಳು ಹತ್ತು ದಿನ ಅನ್ನ ಬಿಟ್ಟರು. ಗೆದ್ದ ಜಮೀನಿಗೂ ವರ್ಷವರ್ಷ ಕಾವಲು ಕೂರಬೇಕು. 2020ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಪ್ರತಿ ವಿದ್ಯಾರ್ಥಿಯೂ ಈ ವಿಷಯದಲ್ಲಿ ಒಂದು ಪಠ್ಯ ಓದಲೇಬೇಕು ಅಂತ ಕಾನೂನು ಬಂತು. 2021ರಲ್ಲಿ ಹೈಸ್ಕೂಲಿಗೂ ಕಾನೂನು ಮಾಡಿದರು, ಸರ್ಕಾರ ಹಣ ಕೊಟ್ಟರೆ ಮಾತ್ರ ಜಾರಿ ಅಂತ ಬಾಲ ಸೇರಿಸಿದರು. 2025ರ ಬಜೆಟ್ಟಿನಲ್ಲಿ ಹಣ ಬರಲಿಲ್ಲ. ಒಂದು ಕೈ ಕೊಡುತ್ತದೆ, ಇನ್ನೊಂದು ಕೈ ಗಂಟು ಬಿಚ್ಚುವುದಿಲ್ಲ.

‘ಇದನ್ನು ಓದಿ ಏನೂ ಆಗುವುದಿಲ್ಲ’ ಅಂತ ಅಧಿಕಾರದವರು ಹೇಳುತ್ತಾರಲ್ಲ, ಅವರನ್ನು ಒಂದು ಮಾತು ಕೇಳಬೇಕು. ಏನೂ ಆಗದ ಓದಾಗಿದ್ದರೆ ಅದಕ್ಕೆ ನಿಷೇಧ ಯಾಕೆ? ಅರಿಜೋನಾ ರಾಜ್ಯದ ಟೂಸಾನ್ ಊರಿನ ಶಾಲೆಗಳಲ್ಲಿ 1998ರಿಂದ ಮೆಕ್ಸಿಕನ್ ಅಮೆರಿಕನ್ ಅಧ್ಯಯನ ನಡೆಯುತ್ತಿತ್ತು. 2010ರಲ್ಲಿ ಆ ರಾಜ್ಯ ಒಂದು ಕಾನೂನು ಮಾಡಿತು. ಒಂದು ಜನಾಂಗದ ವಿದ್ಯಾರ್ಥಿಗಳಿಗೆಂದೇ ಮಾಡಿದ ಪಾಠ ಕೂಡದು, ಜನಾಂಗದ ಒಗ್ಗಟ್ಟನ್ನು ಬೋಧಿಸಕೂಡದು, ಪ್ರತಿ ಮಗುವನ್ನೂ ಬಿಡಿ ವ್ಯಕ್ತಿಯಾಗಿ ನೋಡಬೇಕು ಅಂತ. ಕೇಳಲು ಎಷ್ಟು ಚೆಂದ! ಬೀದಿಯಲ್ಲಿ ಪೊಲೀಸು ಹಿಡಿದು ಕಾಗದ ಕೇಳುವಾಗ ಚರ್ಮದ ಬಣ್ಣ ನೋಡುತ್ತಾರೆ, ಪಾಠದ ಕೋಣೆಯಲ್ಲಿ ಮಾತ್ರ ಬಿಡಿ ವ್ಯಕ್ತಿ. 2011ರ ಏಪ್ರಿಲಿನಲ್ಲಿ ವಿದ್ಯಾರ್ಥಿಗಳು ಶಾಲಾ ಮಂಡಳಿಯ ಸದಸ್ಯರ ಕುರ್ಚಿಗಳಿಗೆ ತಮ್ಮನ್ನೇ ಸರಪಳಿಯಿಂದ ಬಿಗಿದುಕೊಂಡರು. ಆದರೂ 2012ರ ಜನವರಿಯಲ್ಲಿ ಪಾಠ ನಿಂತಿತು. ತರಗತಿಗಳಿಂದ ಏಳು ಪುಸ್ತಕಗಳನ್ನು ತೆಗೆದು ಡಬ್ಬಕ್ಕೆ ತುಂಬಿ ಸಾಗಿಸಿದರು. ಅದರಲ್ಲಿ ಬ್ರೆಜಿಲಿನ ಪಾವ್ಲೋ ಫ್ರೇಯಿರೆ ದಮನಿತರ ಶಿಕ್ಷಣದ ಬಗ್ಗೆ ಬರೆದ ಪುಸ್ತಕವೂ ಒಂದು.

ಏಳು ವರ್ಷದ ಕೋರ್ಟಿನ ಅಲೆದಾಟದ ನಂತರ 2017ರ ಆಗಸ್ಟಿನಲ್ಲಿ ನ್ಯಾಯಾಧೀಶ ವಾಲೇಸ್ ತಶೀಮ ತೀರ್ಪು ಕೊಟ್ಟರು. ಈ ನಿಷೇಧದ ಹಿಂದೆ ಇದ್ದದ್ದು ಜನಾಂಗ ದ್ವೇಷ ಅಂದರು. ಈ ತಶೀಮ ಯಾರು ಗೊತ್ತೇ? ಹುಡುಗನಾಗಿದ್ದಾಗ ಅದೇ ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ ಮುಳ್ಳುತಂತಿಯ ಒಳಗಿದ್ದ ಜಪಾನೀ ಮಗು. ಹಯಕಾವ ಕೂಡ ಜಪಾನೀ ಮೂಲ, ತಶೀಮ ಕೂಡ ಜಪಾನೀ ಮೂಲ. ಒಬ್ಬರು ವೈರು ಕಿತ್ತರು. ಇನ್ನೊಬ್ಬರು, ತಮ್ಮದಲ್ಲದ ಜನಾಂಗದ ಮಕ್ಕಳ ಪುಸ್ತಕಗಳ ಮೇಲಿದ್ದ ನಿಷೇಧ ನ್ಯಾಯಬಾಹಿರ ಅಂತ ಬರೆದರು.

ಈಗ ಕಹಿಯಾದ ಮಾತಿಗೆ ಬರುತ್ತೇನೆ. ಈ ಓದಿನ ಶತ್ರು ಹೊರಗಿನ ಕಾನೂನು ಮಾತ್ರ ಅಲ್ಲ. ಒಳಗೂ ಒಬ್ಬ ಇದ್ದಾನೆ. ಅವನ ಹೆಸರು ಹೆಮ್ಮೆ. ತುಳಿತಕ್ಕೆ ಒಳಗಾದವನಿಗೆ ಹೆಮ್ಮೆ ಬೇಕು, ಅದು ಊರುಗೋಲು. ಆದರೆ ಊರುಗೋಲನ್ನೇ ದೇವರ ಮನೆಯಲ್ಲಿಟ್ಟು ಪೂಜೆ ಮಾಡಿದರೆ ನಡೆಯುವುದು ಯಾವಾಗ? ಕ್ಯಾಲಿಫೋರ್ನಿಯಾದ ಹೈಸ್ಕೂಲಿಗೆ ಮಾದರಿ ಪಠ್ಯ ಬರೆಯುವಾಗ 2019ರಿಂದ 2021ರವರೆಗೆ ಜಗಳವೋ ಜಗಳ. ನಮ್ಮ ಅಧ್ಯಾಯ ಎಲ್ಲಿ, ನಮ್ಮನ್ನು ಯಾಕೆ ಹೀಗೆ ಬರೆದಿರಿ ಅಂತ ಒಬ್ಬೊಬ್ಬರೂ. ಅದರಲ್ಲಿ ನ್ಯಾಯವಾದ ದೂರುಗಳೂ ಇದ್ದವು. ಆದರೆ ‘ನಮ್ಮ ಅಧ್ಯಾಯದಲ್ಲಿ ನಾವು ಮಾಡಿದ ಅನ್ಯಾಯವನ್ನೂ ಬರೆಯಿರಿ’ ಅಂತ ಅರ್ಜಿ ಹಿಡಿದು ಬರುವವರು ಎಲ್ಲಿ ಸಿಗುತ್ತಾರೆ?

ಈ ಅರ್ಜಿ ನಮ್ಮ ಜನರಿಂದಲೇ ಹೋಗಬೇಕಾಯಿತು. 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ತಾರತಮ್ಯ ವಿರೋಧಿ ನೀತಿಯಲ್ಲಿ ‘ಜಾತಿ’ ಅನ್ನುವ ಪದವನ್ನು ಸೇರಿಸಿತು. ಆಗ 23 ಕ್ಯಾಂಪಸ್ಸುಗಳಿದ್ದ ಸಂಸ್ಥೆ ಅದು. ಅದರಲ್ಲಿ ಒಂದು, 1968ರಲ್ಲಿ ಮುಷ್ಕರ ನಡೆದ ಅದೇ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್. ದಲಿತ ವಿದ್ಯಾರ್ಥಿಗಳು ಬಾಯಿ ಬಿಟ್ಟರು, ಬೇರೆ ಬೇರೆ ಜನಾಂಗದ ವಿದ್ಯಾರ್ಥಿಗಳು ಜೊತೆಗೆ ನಿಂತರು, ಅಧ್ಯಾಪಕರ ಸಂಘ ಬೆಂಬಲ ಕೊಟ್ಟಿತು. ವಿರೋಧಿಸಿದವರು ಯಾರು? ಎಂಬತ್ತಕ್ಕೂ ಹೆಚ್ಚು ಅಧ್ಯಾಪಕರು ಸಹಿ ಹಾಕಿದ ಪತ್ರ ಹೋಯಿತು. ಭಾರತ ಮೂಲದವರನ್ನು ಮಾತ್ರ ಬೊಟ್ಟು ಮಾಡಿ ತೋರಿಸಿದಂತಾಗುತ್ತದೆ, ಎಲ್ಲರನ್ನೂ ಅನುಮಾನದಿಂದ ನೋಡುತ್ತಾರೆ ಅನ್ನುವುದು ಅವರ ವಾದ. ಅಮೆರಿಕದಲ್ಲಿ ಬಿಳಿಯರ ಎದುರು ‘ನಾವು ಬಣ್ಣದ ಜನ, ನಮಗೂ ತಾರತಮ್ಯ ಆಗಿದೆ’ ಅಂತ ಹೇಳಿಕೊಳ್ಳಲು ಮುಷ್ಕರದ ಮಕ್ಕಳು ಕೊಟ್ಟ ಭಾಷೆ ಅವರಿಗೂ ಬೇಕಾಗಿತ್ತು. ಅದೇ ಭಾಷೆ ತಮ್ಮ ಮನೆಯ ಅಡುಗೆ ಕೋಣೆಯ ಕಡೆ ತಿರುಗಿದಾಗ ಬೇಡವಾಯಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆ ಒಪ್ಪಿದರೆ, ಈಗಿರುವ ಕಾನೂನೇ ಸಾಕು ಅಂತ ಗವರ್ನರ್ ಅಕ್ಟೋಬರಿನಲ್ಲಿ ಅದನ್ನು ತಿರಸ್ಕರಿಸಿದರು. ಅಲ್ಲಿನ ಕಂಪ್ಯೂಟರ್ ಕಂಪನಿಗಳಲ್ಲಿ ನಮ್ಮ ಕನ್ನಡಿಗರೂ ಸಾಲುಸಾಲಾಗಿ ಕೂತಿದ್ದಾರೆ. ಸಮುದ್ರ ದಾಟುವಾಗ ಉಪ್ಪಿನಕಾಯಿ ಜಾಡಿಯ ಜೊತೆ ಜಾತಿಯನ್ನೂ ಕಟ್ಟಿಕೊಂಡು ಹೋದವರು ಅವರಲ್ಲಿ ಇಲ್ಲ ಅಂತ ಎದೆ ಮುಟ್ಟಿ ಹೇಳುವವರು ಯಾರು?

ಅವರನ್ನು ಬೈದು ನಾನು ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಕೇರಿಗೂ ಒಂದು ಕೆಳಗಿನ ಕೇರಿ ಇತ್ತು. ಅಲ್ಲಿನವರು ಬಂದರೆ ನನ್ನಜ್ಜಿ ನೀರು ಕೊಡುತ್ತಿದ್ದಳು, ಲೋಟ ಮಾತ್ರ ಬೇರೆ. ಪ್ರಬಂಧದಲ್ಲಿ ನಾನು ಮೇಲಿನವರ ಬಾವಿಯ ಬಗ್ಗೆ ಇಪ್ಪತ್ತು ಪುಟ ಬರೆದೆ. ಅಜ್ಜಿಯ ಲೋಟದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಯಾರೂ ತಡೆದಿರಲಿಲ್ಲ. ನನ್ನ ಹೆಮ್ಮೆ ತಡೆಯಿತು. ಆ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಈಗ ತೆಗೆದು ನೋಡಿದರೆ ಆ ಬರೆಯದ ಸಾಲೇ ಕಣ್ಣಿಗೆ ಹೊಡೆಯುತ್ತದೆ.

ಹಾಗಾದರೆ ಈ ಓದಿನ ನೀತಿ ಏನು? ತನ್ನ ಗಾಯದ ಲೆಕ್ಕ ಕಲಿತವನು ಆ ಲೆಕ್ಕದಿಂದ ಇನ್ನೊಬ್ಬನ ಗಾಯವನ್ನು ಓದಬೇಕು. ಓದುತ್ತಾ ಅಲ್ಲಿ ತನ್ನ ಕೈಯ ಗುರುತು ಇದೆಯೇ ಅಂತ ನೋಡಿಕೊಳ್ಳಬೇಕು. ಇಷ್ಟು ಮಾಡದ ಓದು ಎಷ್ಟು ಕ್ರಾಂತಿಯ ಮಾತಾಡಿದರೂ ಕೊನೆಗೆ ವಂಶಾವಳಿಯೇ. ವಂಶಾವಳಿ ಬರೆಸಿಕೊಳ್ಳಲು ಅರಸರಿಗೆ ವಿಶ್ವವಿದ್ಯಾಲಯ ಬೇಕಾಗಿರಲಿಲ್ಲ.

ಇದು ಆಗದ ಹೋಗದ ಆದರ್ಶವೇನಲ್ಲ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪುಜನರ ಮಹಾ ವಿದ್ವಾಂಸ ಡಬ್ಲ್ಯು.ಇ.ಬಿ. ಡ್ಯುಬಾಯ್ಸ್‌ಗೆ ಒಂದು ಕಾಗದ ಬರೆದರು. ಕಪ್ಪುಜನರ ಪ್ರಶ್ನೆಯನ್ನು ತಾನು ಅಭ್ಯಾಸ ಮಾಡಿದ್ದೇನೆ, ಅಸ್ಪೃಶ್ಯರ ಸ್ಥಿತಿಗೂ ಅದಕ್ಕೂ ಹೋಲಿಕೆ ಇದೆ ಅಂತ ತಿಳಿಸಿ, ಕಪ್ಪುಜನರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದರು. ಡ್ಯುಬಾಯ್ಸ್ ಸಹಾನುಭೂತಿಯಿಂದ ಉತ್ತರ ಬರೆದರು. ಇಬ್ಬರೂ ದೊಡ್ಡ ದೊಡ್ಡ ಪದವಿ ಹೊತ್ತವರು. ಕಾಗದದಲ್ಲಿ ಓಡಾಡಿದ್ದು ಮಾತ್ರ ಒಂದು ಅರ್ಜಿಯ ಪ್ರತಿ. ಜಾರ್ಜ್ ಮರ್ರೆ ಇದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನು 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್ ಮುಂತಾದ ತರುಣರು ಎತ್ತಿಕೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಮರುವರ್ಷ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ನಮ್ಮ ಹುಡುಗರು ಬೀದಿಯಲ್ಲಿ ಏಟು ತಿಂದು ಕೇಳಿದ್ದೂ ಅದೇ ಪ್ರಶ್ನೆ: ನೀವು ಕೊಟ್ಟ ಪಠ್ಯದಲ್ಲಿ ನಾವು ಎಲ್ಲಿದ್ದೇವೆ? ಯಾರೂ ಯಾರನ್ನೂ ನಕಲು ಮಾಡಬೇಕಾಗಿರಲಿಲ್ಲ. ಹಸಿದವರಿಗೆ ಒಂದೇ ಥರ ಹೊಟ್ಟೆ ಉರಿಯುತ್ತದೆ.

ವಿದ್ಯಾರ್ಥಿ ಗೆಳೆಯರೇ, ನಿಮ್ಮಲ್ಲಿ ಕೆಲವರು ಇಂಥ ಓದಿಗೆ ಹೋಗುತ್ತೀರಿ. ಅಲ್ಲಿಯ ವಿಶ್ವವಿದ್ಯಾಲಯಗಳಿಗೇ ಹೋಗಬಹುದು, ಇಲ್ಲಿಯ ಅಂಬೇಡ್ಕರ್ ಅಧ್ಯಯನ ಕೇಂದ್ರಗಳಿಗೆ ಹೋಗಬಹುದು. ಹೋಗಿ. ಸಂಬಳ ತೆಗೆದುಕೊಳ್ಳಿ, ಅಂಜಿಕೆ ಬೇಡ. ಆದರೆ ಬರೆದದ್ದನ್ನು ಯಾರ ಬಗ್ಗೆ ಬರೆದಿರೋ ಅವರ ಮುಂದೆ ಕೂತು ಒಂದು ಸಾರಿ ಓದಿ. ಅವರು ‘ಅಂಗಲ್ಲ ಕಣ್ಲಾ’ ಅಂದರೆ ಅದನ್ನೂ ಬರೆದುಕೊಳ್ಳಿ. ಮೇಷ್ಟರಾಗಿರುವ ಗೆಳೆಯರೇ, ನಿಮ್ಮ ಶಾಲೆಯ ಮಗು ಬರೆಯುವ ‘ನಮ್ಮ ಊರು’ ಪ್ರಬಂಧದಲ್ಲಿ ಕೇರಿಗೆ ಜಾಗ ಇದೆಯೇ, ಕೇರಿಯ ಆಚೆ ಕೇರಿಗೆ ಜಾಗ ಇದೆಯೇ ನೋಡಿ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಡ.

ಅವ್ವ ಈಗ ಇಲ್ಲ. ಆಕೆಯ ಪ್ರಶ್ನೆ ಇದೆ. ಅವತ್ತು ‘ಮೇಷ್ಟ್ರಾಯ್ತೀನಿ ಕಣವ್ವ’ ಅಂತ ಹೇಳಿ ತಪ್ಪಿಸಿಕೊಂಡಿದ್ದೆ. ಇವತ್ತು ಕೇಳಿದರೆ ಹೇಳುತ್ತೇನೆ: ಏನಾಗ್ತೀನೋ ಗೊತ್ತಿಲ್ಲ ಕಣವ್ವಾ. ಅಪ್ಪನ ಹಾಡಿಗೆ ತಪ್ಪು ಅರ್ಥ ಬರೆದವರ ಮುಂದೆ ಅಂಗಲ್ಲ ಅಂತೀನಿ. ಅಜ್ಜಿಯ ಬೇರೆ ಲೋಟವನ್ನ ನಮ್ಮ ಮನೆಯಿಂದ ತೆಗೀತೀನಿ. ಎರಡನ್ನೂ ಮಾಡಿದರೆ ಓದಿದೆ ಅಂತ ತಿಳ್ಕೊ. ಒಂದನ್ನೇ ಮಾಡಿದರೆ ನಿನ್ನ ಕೂಲಿಯ ದುಡ್ಡು ದಂಡ.